ನೇರ ದಾರಿಯ ಕೆಳಗಿನ ಹೊಲ

೨ ಡಿಸೆಂಬರ್ ೨೦೨೪, ಸೋಮವಾರ

ಸಂಜೀವ ಹೋಗಿ ಇವತ್ತಿಗೆ ಹದಿನಾಲ್ಕು ದಿನ. ಬಂದ ನೆಂಟರೆಲ್ಲ ತಿರುಗಿ ಹೋದರು. ಮಠದಿಂದ ತರಿಸಿದ್ದ ದೊಡ್ಡ ಪಾತ್ರೆಗಳನ್ನು ತೊಳೆಸಿ ಕಳಿಸಿದೆ. ಒಂದು ಸೌಟು ಕಡಿಮೆ ಬಂತು. ಹುಡುಕಿಸಿದೆ. ದನದ ಕೊಟ್ಟಿಗೆಯಲ್ಲಿ ಸಿಕ್ಕಿತು.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಆಳುಗಳಿಗೆ ಹೇಳುವ ಕೆಲಸವೂ ಇಲ್ಲ. ಅದಕ್ಕೆ ಈ ನೋಟುಬುಕ್ಕು ತೆಗೆದುಕೊಂಡು ಕುಳಿತಿದ್ದೇನೆ. ಮುಂಡಗೋಡದ ಹೈಸ್ಕೂಲು ಬಿಟ್ಟು ಐವತ್ತು ವರ್ಷವಾಯಿತು. ಅಕ್ಷರ ಇನ್ನೂ ದುಂಡಗೇ ಬರುತ್ತವೆ.

ಆದದ್ದನ್ನು ಒಂದು ಸಲ ಬರೆದುಬಿಡುತ್ತೇನೆ. ನನ್ನ ಕಿರಿಯ ಮಗ ಸಂಜೀವಕುಮಾರ ದಾಂಡೇಲಿಯ ವಿಮಾನಪಟ್ಟಿಯಿಂದ ನಾಲ್ಕು ಜನ ಕೂರುವ ಸಣ್ಣ ವಿಮಾನ ಹಾರಿಸುತ್ತಿದ್ದ. ನವೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಬೆಂಗಳೂರಿಗೆ ಹೊರಟ. ಒಬ್ಬನೇ ಇದ್ದ. ಒಂಬತ್ತನೇ ನಿಮಿಷಕ್ಕೆ ಇಂಜಿನ್ ನಿಂತಿತು. ಕೆಳಗೆ ಕಾಡು. ಹಿಂದಕ್ಕೆ ತಿರುಗಿಸಿ, ಕಾಡಿನಂಚಿನಲ್ಲಿರುವ ನಮ್ಮದೇ ಹೊಲಕ್ಕೆ ಇಳಿಸಲು ಬಂದ. ಹೊಲದಲ್ಲಿ ಎರಡಾಳೆತ್ತರದ ಕಬ್ಬು ಇತ್ತು. ವಿಮಾನ ಕಬ್ಬಿಗೆ ಸಿಕ್ಕಿ ಮಗುಚಿ ಬಿತ್ತು.

ಕಬ್ಬು ಹಾಕಿಸಿದವಳು ನಾನು. ಇದು ಈಗ ಎಲ್ಲರಿಗೂ ಗೊತ್ತು. ಹೊಲ ನನ್ನದು. ಯಜಮಾನರು ಹೋದ ಮೇಲೆ ಮೂವತ್ತೊಂದು ವರ್ಷ ಎಲ್ಲಿ ಏನು ಬಿತ್ತಬೇಕೆಂದು ನಾನೇ ಹೇಳಿದ್ದೇನೆ.

ಬೆಳಿಗ್ಗೆ ಪೂಜೆಗೆ ಕುಳಿತಾಗ ಅಂಗೈಯಲ್ಲಿ ಲಿಂಗ ಇತ್ತು. ಅಷ್ಟೇ. ಮತ್ತೇನೂ ಅನ್ನಿಸಲಿಲ್ಲ.

೫ ಡಿಸೆಂಬರ್, ಗುರುವಾರ

ವಿಮಾನದ ಮಾಲೀಕ ಮಹಾಬಳೇಶ್ವರ ಬಂದಿದ್ದ. ಜೋಯಿಡಾ ಕಡೆಯವನು. ಕಾಡಿನ ರಿಸಾರ್ಟುಗಳಿಗೆ ಬರುವ ದೊಡ್ಡವರನ್ನು ಕರೆತರಲು ಎರಡು ವಿಮಾನ ಇಟ್ಟುಕೊಂಡಿದ್ದಾನೆ. ಮುಖ ಸಣ್ಣದು ಮಾಡಿಕೊಂಡು ಕುಳಿತ. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದ.

ಸಂಜೀವನ ಹೆಂಡತಿ ದಾನೇಶ್ವರಿಗೆ ಅವನಲ್ಲೇ ಕೆಲಸ. ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎತ್ತರದಲ್ಲಿ, ಎಷ್ಟು ಎಣ್ಣೆ, ಇಂಜಿನ್ ನಿಂತರೆ ಎಲ್ಲಿ ಇಳಿಯಬೇಕು ಎಂದು ನಕ್ಷೆಯ ಮೇಲೆ ಗೆರೆ ಹಾಕಿ ಬರೆದುಕೊಡುವ ಕೆಲಸ. ಮೊದಲು ಅವರ ವಿಮಾನಗಳು ಬೆಂಗಳೂರಿಗೆ ಹುಬ್ಬಳ್ಳಿಯ ಮೇಲೆ ಬಳಸಿ ಹೋಗುತ್ತಿದ್ದವು. ಈ ವರ್ಷ ದಾಂಡೇಲಿಯಿಂದ ಮುಂಡಗೋಡದ ಮೇಲೆ ನೇರ ದಾರಿ ಹಾಕಿದಳು. ಮಳೆಗಾಲ ಮುಗಿದ ಮೇಲೆ ಶುರುವಾಯಿತು. ಸಂಜೀವ ಹೋದದ್ದು ಆ ದಾರಿಯಲ್ಲಿ ಮೂರನೇ ಸಲ.

ಹಾಳೆಯಲ್ಲಿ ನಮ್ಮ ಹೊಲದ ಹೆಸರಿನ ಮುಂದೆ ಅವಳು ಬರೆದಿದ್ದಾಳೆ: ‘ಕಡಲೆ ಬೆಳೆ. ಇಳಿಯಬಹುದು. ನವೆಂಬರ್ ೨ರಂದು ವಿಚಾರಿಸಿದೆ.’

ಯಾರನ್ನೂ ವಿಚಾರಿಸದೆ ಬರೆದಿದ್ದಾಳೆ ಎಂದು ಮಹಾಬಳೇಶ್ವರ ಹೇಳಿದ. ಜನವರಿಯಲ್ಲಿ ವಿಚಾರಣೆಗೆ ಅಧಿಕಾರಿಗಳು ಬರುತ್ತಾರೆ. ತಪ್ಪು ಅವಳದೆಂದು ಬಂದರೆ ಅವಳು ಇನ್ನೆಲ್ಲೂ ಈ ಕೆಲಸ ಮಾಡುವ ಹಾಗಿಲ್ಲ, ಪೊಲೀಸ್ ಕೇಸೂ ಆಗಬಹುದು ಎಂದ.

ದಾನೇಶ್ವರಿ ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದಳು. ದೀಪಾವಳಿಗೆ ಅವಳು ತವರಿಗೆ ಹೋಗಿದ್ದಳು, ಸಂಜೀವ ಇಲ್ಲಿಗೆ ಬಂದಿದ್ದ. ಪಾಡ್ಯದ ದಿನ ಅವನು ಫೋನು ಮಾಡಿ, ಅವ್ವನನ್ನು ಕೇಳಿದೆ, ಕಡಲೆ ಬಿತ್ತಿದ್ದಾಳಂತೆ ಎಂದು ಹೇಳಿದ. ಅದನ್ನೇ ಬರೆದೆ ಎಂದಳು.

ಹಿರಿಯ ಮಗ ಉಳವಪ್ಪ ಅವಳನ್ನು ತಿರುಗಿ ನೋಡಿದ. ‘ಸತ್ತವನ ಮ್ಯಾಲ ಹಾಕೂದು ಸಸಾರ’ ಎಂದ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಚಹಾ ತರಲು ಹೇಳಿದೆ.

೬ ಡಿಸೆಂಬರ್, ಶುಕ್ರವಾರ

ಅವನು ಕೇಳಿದ್ದ.

೯ ಡಿಸೆಂಬರ್, ಸೋಮವಾರ

ಮೊನ್ನೆ ಆ ಎರಡು ಮಾತು ಬರೆದು ಪುಸ್ತಕ ಮುಚ್ಚಿಟ್ಟೆ. ಪೂರ್ತಿ ಬರೆಯುವುದು ಒಳ್ಳೆಯದು. ಅರ್ಧ ಬರೆದದ್ದು ಸುಳ್ಳಿನ ಹಾಗೆ ಕಾಣುತ್ತದೆ.

ಹೋದ ಜನವರಿಯಲ್ಲಿ ಸಂಜೀವ ಬಂದು, ಕಾಡಿನಂಚಿನ ಹೊಲಕ್ಕೆ ಎತ್ತರದ ಬೆಳೆ ಹಾಕಬೇಡ, ದಾಂಡೇಲಿ ಬಿಟ್ಟ ಮೇಲೆ ಮುಂಡಗೋಡ ಬರುವವರೆಗೆ ಇಳಿಯಲು ಅದೊಂದೇ ಸಪಾಟು ಜಾಗ ಎಂದು ಹೇಳಿದ್ದ. ಆಗಲಿ ಎಂದಿದ್ದೆ. ಮನಸ್ಸಿನಿಂದಲೇ ಹೇಳಿದ್ದೆ. ಭತ್ತ ಕೊಯ್ದ ಮೇಲೆ ಕಡಲೆ, ಮಳೆಗಾಲಕ್ಕೆ ಸೋಯಾ. ನನಗೇನೂ ಕಷ್ಟವಿರಲಿಲ್ಲ.

ಒಂದು ವಾರಕ್ಕೆ ಸೊಸೆ ಬಂದಳು. ಪ್ಯಾಂಟು ಹಾಕಿಕೊಂಡು, ಟೇಪು ಹಿಡಿದುಕೊಂಡು. ನನ್ನ ಹತ್ತಿರ ಬರದೆ ನೇರ ಹೊಲಕ್ಕೆ ಹೋದಳು. ನಾಲ್ಕು ಮೂಲೆಗೆ ಸುಣ್ಣ ಬಳಿದ ಕಲ್ಲು ನೆಡಿಸಿದಳು. ನಾನು ಹೋಗುವ ಹೊತ್ತಿಗೆ ನಮ್ಮ ಆಳುಗಳನ್ನು ನಿಲ್ಲಿಸಿಕೊಂಡು, ‘ಇನ್ನ ಮ್ಯಾಲ ಇಲ್ಲೆ ಏನ್ ಬಿತ್ತಿದ್ರೂ ಮದ್ಲ ನನಗ ತಿಳಸ್ರಿ’ ಎನ್ನುತ್ತಿದ್ದಳು. ಹನ್ನೊಂದು ಆಳುಗಳಿದ್ದರು. ಒಬ್ಬ ನನ್ನ ಮುಖ ನೋಡಿ ತಲೆ ಕೆಳಗೆ ಹಾಕಿದ.

ಮುಂದಿನ ತಿಂಗಳು ಕಬ್ಬಿನ ಬೀಜ ತರಿಸಿದೆ. ಕಲ್ಲು ಕೀಳಿಸಿ ಬದುವಿಗೆ ಹಾಕಿಸಿದೆ.

ಉಳವಪ್ಪನಿಗೆ ಕಬ್ಬು ಹಾಕಿದ್ದು ಗೊತ್ತು. ಅವನು ಹಳಿಯಾಳ ಪೇಟೆಯಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ. ತಮ್ಮನಿಗೆ ನಾನು ಹೇಳಿರುತ್ತೇನೆಂದು ತಿಳಿದಿದ್ದ. ಸಂಜೀವನಿಗೆ ನಾನು ಹೇಳಲಿಲ್ಲ. ಬೇಸಿಗೆಯಲ್ಲಿ ಕೇಳಿದ, ಹೊಲ ಖಾಲಿ ಇದೆ ಎಂದೆ. ದೀಪಾವಳಿಗೆ ಕೇಳಿದ, ಕಡಲೆ ಬಿತ್ತಿದ್ದೇನೆ ಎಂದೆ. ಹೊಲ ಮನೆಯಿಂದ ಆರು ಕಿಲೋಮೀಟರು. ಅವನು ಹೋಗಿ ನೋಡಲಿಲ್ಲ. ಮೇಲಿನಿಂದ ಎಲ್ಲ ಒಂದೇ ಹಸಿರು ಕಾಣುತ್ತದಂತೆ.

ಕಬ್ಬು ಇನ್ನೊಂದು ತಿಂಗಳಲ್ಲಿ ಕಟಾವಿಗೆ ಬರುತ್ತಿತ್ತು. ಕಡಿದ ಮೇಲೆ ಕಡಲೆಯನ್ನೇ ಹಾಕಿಸುವವಳಿದ್ದೆ. ಆಗ ಹೇಳಿದ್ದು ನಿಜವಾಗುತ್ತಿತ್ತು.

೧೪ ಡಿಸೆಂಬರ್, ಶನಿವಾರ

ಕಬ್ಬು ಕಡಿಯುವ ತಂಡ ಬಂತು. ಕಾಡಿನಂಚಿನ ಹೊಲ ಬಿಟ್ಟು ಉಳಿದದ್ದು ಕಡಿಯಿರಿ ಎಂದೆ. ನಾನು ಹೇಳುವ ಮೊದಲೇ ಅವರು ಅದನ್ನು ಬಿಟ್ಟಿದ್ದರು.

೧೭ ಡಿಸೆಂಬರ್, ಮಂಗಳವಾರ

ಊಟ. ನಿದ್ದೆ. ಹಲ್ಲುನೋವು.

೨೦ ಡಿಸೆಂಬರ್, ಶುಕ್ರವಾರ

ದಾನೇಶ್ವರಿ ದಾಂಡೇಲಿಯ ಬಾಡಿಗೆ ಮನೆ ಬಿಟ್ಟು ಇಲ್ಲೇ ಬಂದಿದ್ದಾಳೆ. ಬಾ ಎಂದು ನಾನು ಕರೆದಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಅವಳ ಸಾಮಾನಿನಲ್ಲಿ ಬಟ್ಟೆಗಿಂತ ಹಾಳೆಗಳೇ ಹೆಚ್ಚು. ನಡುಮನೆಯ ನೆಲದ ಮೇಲೆ ಚಾಪೆಯಷ್ಟು ದೊಡ್ಡ ನಕ್ಷೆ ಹಾಸಿಕೊಂಡು ಬೆಳಿಗ್ಗೆಯಿಂದ ಕುಳಿತಿರುತ್ತಾಳೆ. ಸ್ಕೇಲು, ಪೆನ್ಸಿಲ್ಲು, ವೃತ್ತ ಹಾಕುವ ಕೈವಾರ. ಓಡಾಡುವವರು ಗೋಡೆಗುಂಟ ಹೋಗಬೇಕು.

ಉಳವಪ್ಪನ ಹೆಂಡತಿ ನಿರ್ಮಲಾ, ಅದನ್ನು ತೆಗೆಸಿ ಅತ್ತಿ, ಬಂದವರು ಏನಂದಾರು ಎಂದಳು. ಕೆಲಸದ ದುರ್ಗವ್ವ ಮಾತ್ರ ಕಸಬರಿಗೆ ಹಿಡಿದು ಸುತ್ತ ಗುಡಿಸಿ, ‘ಗಂಡ ಹೋದ ಮನ್ಯಾಗ ರಂಗೋಲಿ ಹಾಕಬಾರದಂತ. ಇದೇನ್ ರಂಗೋಲಿ ಅಲ್ಲ ಬಿಡ್ರಿ’ ಎಂದು ಒಳಗೆ ಹೋದಳು.

ಏನು ಮಾಡುತ್ತೀ ಎಂದು ನಾನು ಕೇಳಲಿಲ್ಲ. ಅವಳೇ ತಲೆ ಎತ್ತದೆ ಹೇಳಿದಳು. ಸಣ್ಣ ವಿಮಾನದ ಇಂಜಿನ್ ನಿಂತರೆ ಕೂಡಲೇ ಬೀಳುವುದಿಲ್ಲವಂತೆ. ಹದ್ದಿನ ಹಾಗೆ ತೇಲುತ್ತ ಇಳಿಯುತ್ತದಂತೆ. ಸಾವಿರ ಅಡಿ ಇಳಿಯುವಷ್ಟರಲ್ಲಿ ಎರಡೂವರೆ ಕಿಲೋಮೀಟರು ಹೋಗುತ್ತದೆ. ಅವನು ಇದ್ದ ಎತ್ತರಕ್ಕೆ ಆರೇಳು ಕಿಲೋಮೀಟರು. ಇಂಜಿನ್ ನಿಂತ ಜಾಗಕ್ಕೆ ಕೈವಾರದ ಮುಳ್ಳು ಊರಿ ಅಷ್ಟಗಲ ವೃತ್ತ ಹಾಕಿದ್ದಾಳೆ. ಅದರೊಳಗೆ ಬೇರೆ ಎಲ್ಲಾದರೂ ಇಳಿಯಬಹುದಿತ್ತೇ ಎಂದು ಹುಡುಕುತ್ತಿದ್ದಾಳೆ.

ಹದಿನಾರು ದಿನದಿಂದ ಹುಡುಕುತ್ತಿದ್ದಾಳಂತೆ.

೨೩ ಡಿಸೆಂಬರ್, ಸೋಮವಾರ

ಇವತ್ತು ಕಾಳು ಹಸನು ಮಾಡುತ್ತ ನಡುಮನೆಯಲ್ಲೇ ಕುಳಿತಿದ್ದೆ. ನಕ್ಷೆ ನನ್ನ ಕಡೆಗೆ ತಲೆಕೆಳಗಾಗಿತ್ತು. ಆದರೂ ಗುರುತು ಸಿಕ್ಕಿತು. ಅವಳು ಹಾಕಿದ ನೇರ ಗೆರೆ ನನ್ನ ತವರಿನ ದಾರಿ. ಮದುವೆಯಾದ ಮೊದಲ ಹತ್ತು ವರ್ಷ ನಾನು ಮುಂಡಗೋಡದ ಕಡೆಯ ನಮ್ಮ ಹಳ್ಳಿಗೆ ಹೋಗಿ ಬಂದದ್ದೆಲ್ಲ ಕಾಡಿನೊಳಗಿನ ಚಕ್ಕಡಿ ದಾರಿಯಲ್ಲಿ. ಒಂದು ಹಗಲು ಪೂರ್ತಿ ಬೇಕಾಗುತ್ತಿತ್ತು. ಎಲ್ಲಿ ಎತ್ತು ಬಿಚ್ಚಬೇಕು, ಎಲ್ಲಿ ನೀರು, ಎಲ್ಲಿ ಗಾಲಿ ಹುಗಿಯುತ್ತದೆ, ಎಲ್ಲ ಗೊತ್ತು.

ಅವಳು ಒಂದು ಜಾಗಕ್ಕೆ ಪೆನ್ಸಿಲ್ಲು ಇಟ್ಟು, ಇಲ್ಲಿ ಬಯಲು ಕಾಣಿಸುತ್ತದೆ, ಇಲ್ಲಿಗೆ ಬಂದಿದ್ದರೆ ಎಂದು ತನಗೆ ತಾನೇ ಅಂದಳು.

‘ಅದು ಬಯಲಲ್ಲ, ಹಾಸುಬಂಡಿ’ ಎಂದೆ. ‘ಮಳಿಗಾಲದಾಗ ಮ್ಯಾಲ ಹುಲ್ಲು ಬರ್ತೈತಿ. ಕೆಳಗ ಕಲ್ಲು.’

ಅವಳು ತಲೆ ಎತ್ತಿ ನೋಡಿದಳು. ನಕ್ಷೆಯನ್ನು ನನ್ನ ಕಡೆಗೆ ತಿರುಗಿಸಿದಳು.

‘ಇದು?’

‘ಗೌಳಿಗರ ದೊಡ್ಡಿ. ಎಮ್ಮಿ ಕಟ್ಟತಾರ. ಅಲ್ಲಿ ಇಳಿಸಿದ್ರ ವಿಮಾನಾನೂ ಇರತಿದ್ದಿಲ್ಲ, ಎಮ್ಮಿನೂ ಇರತಿದ್ದಿಲ್ಲ.’

‘ಇದರಿ, ಹಳ್ಳದ ಬಾಜೂಕ?’

‘ಹುತ್ತ ಅದಾವ ತುಂಬ. ಒಂದೊಂದು ನಿನ್ನೆತ್ತರ.’

ಹೀಗೆ ಹನ್ನೆರಡು ಜಾಗ ಕೇಳಿದಳು. ಹನ್ನೆರಡೂ ಆಗುವಂಥವಲ್ಲ. ಒಂದೊಂದಕ್ಕೂ ಸಣ್ಣ ಗುಣಾಕಾರದ ಗುರುತು ಹಾಕಿದಳು. ಕಾಳಿನ ಮೊರ ಪಕ್ಕಕ್ಕೆ ಸರಿಸಿ ನಾನು ಯಾವಾಗ ನಕ್ಷೆಯ ಹತ್ತಿರ ಹೋಗಿ ಕುಳಿತೆನೋ ತಿಳಿಯಲಿಲ್ಲ. ದುರ್ಗವ್ವ ಊಟಕ್ಕೆ ಕರೆದಾಗ ಮಂಡಿ ಹಿಡಿದಿತ್ತು.

ನೇರ ಹೋದರೆ ಎಷ್ಟು ಉಳಿಯುತ್ತಿತ್ತು ಎಂದು ಕೇಳಿದೆ.

‘ಏಳು ನಿಮಿಷ’ ಎಂದಳು.

ಏಳು ನಿಮಿಷಕ್ಕೆ ಇಷ್ಟೆಲ್ಲ ಯಾಕೆ ಎಂದೆ. ವಿಮಾನ ಇಟ್ಟವರಿಗೆ ಏಳು ನಿಮಿಷ ಬಹಳ ದೊಡ್ಡದು, ನಮ್ಮಲ್ಲಿ ನೇರ ದಾರಿ ಇದೆ ಎಂದು ಮಾಲೀಕರಿಗೆ ಹೇಳಿಕೊಳ್ಳಬೇಕಿತ್ತು ಎಂದಳು. ಅವಳಿಗೂ ಮನಸ್ಸಿತ್ತಂತೆ. ನಕ್ಷೆಯ ಮೇಲೆ ನೇರ ಗೆರೆ ಎಳೆದಾಗ ಒಂದು ಸುಖವಿರುತ್ತದಂತೆ.

ಅದು ನನಗೆ ಗೊತ್ತು. ಉದ್ದನೆಯ ನೇಗಿಲ ಸಾಲು ಕಣ್ಣು ಹಾಯುವವರೆಗೆ ನೆಟ್ಟಗೆ ಬಂದರೆ ಹಾಗೆಯೇ ಆಗುತ್ತದೆ.

೨೬ ಡಿಸೆಂಬರ್, ಗುರುವಾರ

ವೃತ್ತದೊಳಗೆ ಇನ್ನು ಜಾಗ ಉಳಿದಿಲ್ಲ. ದಾನೇಶ್ವರಿ ಕೈವಾರ ಡಬ್ಬಿಗೆ ಹಾಕಿದಳು. ‘ಅವರು ಬ್ಯಾರೆ ಏನೂ ಮಾಡಾಕ ಬರತಿದ್ದಿಲ್ಲ ಅತ್ತಿ. ಸರಿಯಾದ ಜಾಗಕ್ಕ ಬಂದ್ರು’ ಎಂದಳು. ಧ್ವನಿಯಲ್ಲಿ ಏನೂ ಇರಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ.

ನಾನು ಹೂಂ ಎಂದೆ.

ನನ್ನ ಕಡೆ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದಳು. ಹಬ್ಬದಲ್ಲಿ ಸಂಜೀವ ಹೊಲದ ವಿಚಾರ ಕೇಳಿದ್ದನೇ ಎಂದು ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಹೆದರಿದ್ದಾಳೆ. ಇಲ್ಲ ಎಂದು ನಾನು ಹೇಳಿದರೆ ಅವಳಿಗೆ ಏನೂ ಉಳಿಯುವುದಿಲ್ಲ.

೭ ಜನವರಿ ೨೦೨೫, ಮಂಗಳವಾರ

ಹಲ್ಲು ಕೀಳಿಸಿಕೊಂಡು ಬಂದೆ. ನೋವಾಗಲಿಲ್ಲ. ಸೂಜಿ ಕೊಡುವ ಮೊದಲೇ ನೋವು ನಿಂತಿತ್ತು.

ಬರುವಾಗ ಪೇಟೆಯಲ್ಲಿ ಇಬ್ಬರು ಹೆಂಗಸರು, ನಿಮ್ಮ ಸೊಸಿ ತಪ್ಪು ಬರೆದು ಗಂಡನ ಮೇಲೆ ಹಾಕಿದಳಂತಲ್ಲ, ಅಂಥವಳನ್ನು ಮನೆಯಲ್ಲಿ ಇಟ್ಟುಕೊಂಡಿರಲ್ಲ, ನೀವು ದೊಡ್ಡವರು ಎಂದರು. ಬಾಯಲ್ಲಿ ಹತ್ತಿ ಇತ್ತು. ಉತ್ತರ ಕೊಡಬೇಕಾಗಲಿಲ್ಲ.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಸೂತಕದ ವರ್ಷ, ಎಳ್ಳು-ಬೆಲ್ಲ ಹಂಚಲಿಲ್ಲ. ಸಜ್ಜೆ ರೊಟ್ಟಿ ಮಾಡಿಸಿದೆ, ಆಳುಗಳಿಗೆ.

ದಾನೇಶ್ವರಿ ಕೇಳಿದಳು. ನಾನು ಹಿತ್ತಿಲಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ. ಬಂದು ಎದುರಿನ ಕಲ್ಲಿನ ಮೇಲೆ ಕುಳಿತು, ತನ್ನ ಕೈ ತಾನೇ ನೋಡುತ್ತ ಕೇಳಿದಳು.

‘ಅತ್ತಿ, ಹಬ್ಬದಾಗ ಅವರು ನಿಮ್ಮನ್ನ ಹೊಲದ ಸುದ್ದಿ ಕೇಳಿದ್ರೇನ್ರಿ?’

‘ನೆನಪಿಲ್ಲ’ ಎಂದೆ.

ಕೂದಲು ಒಣಗಿತ್ತು. ಆದರೂ ಒರೆಸುತ್ತಿದ್ದೆ.

‘ನಿಮಗ ನೆನಪಿಲ್ಲ ಅಂದ್ರ ಕೇಳಿಲ್ಲ’ ಎಂದಳು. ‘ನೀವು ಮರಿಯೋರಲ್ಲ. ಹಂಗಾದ್ರ ಅವರು ನನಗ ಸುಳ್ಳ ಹೇಳಿದ್ರು’ ಎಂದಳು.

ಎದ್ದು ಹೋದಳು. ನಾನು ಹಿತ್ತಿಲಲ್ಲೇ ಇದ್ದೆ. ಬಿಸಿಲು ಗೋಡೆ ದಾಟಿ ಹೋಯಿತು.

೧೫ ಜನವರಿ, ಬುಧವಾರ

ಏನೂ ಬರೆಯಲು ಇಲ್ಲ.

೧೯ ಜನವರಿ, ಭಾನುವಾರ

ನಾಲ್ಕು ದಿನದಿಂದ ಅವಳು ಸಂಜೀವನ ಹೆಸರು ಎತ್ತಿಲ್ಲ. ಮೊದಲು ದಿನಕ್ಕೆ ಹತ್ತು ಸಲ ಎತ್ತುತ್ತಿದ್ದಳು. ಅವರು ಹೀಗೆ ತಿನ್ನುತ್ತಿದ್ದರು, ಅವರಿಗೆ ಇದು ಸೇರುತ್ತಿರಲಿಲ್ಲ. ನನಗೆ ಕಿರಿಕಿರಿಯಾಗುತ್ತಿತ್ತು, ನನ್ನ ಮಗನ ಸುದ್ದಿ ನನಗೇ ಹೇಳುತ್ತಾಳೆ ಎಂದು. ಈಗ ಮನೆಯಲ್ಲಿ ಅವನ ಹೆಸರು ಹೇಳುವವರು ಯಾರೂ ಇಲ್ಲ.

ಅವನ ಅಂಗಿಗಳನ್ನು ಮಡಚಿ ಉಳವಪ್ಪನ ಆಳುಗಳಿಗೆ ಕೊಟ್ಟುಬಿಟ್ಟಳು. ನಕ್ಷೆ ಸುತ್ತಿಟ್ಟಿದ್ದಾಳೆ. ನಡುಮನೆಯಲ್ಲಿ ಈಗ ಸಲೀಸಾಗಿ ಓಡಾಡಬಹುದು. ನಾನು ಇನ್ನೂ ಗೋಡೆಗುಂಟವೇ ಹೋಗುತ್ತಿದ್ದೇನೆ ಎಂದು ನಿರ್ಮಲಾ ನಕ್ಕಳು.

ದುರ್ಗವ್ವ ಪಾತ್ರೆ ತಿಕ್ಕುತ್ತ ಇವತ್ತು ಹೇಳಿದಳು. ‘ಅವ್ವಾರ, ಹಬ್ಬದ ದಿನ ನಾನೂ ಒಲಿ ಮುಂದ ಇದ್ದೆ.’

‘ಇದ್ರ?’

‘ಇದ್ದೆ ಅಂದೆ, ಅಷ್ಟ. ನಾ ಕೆಲಸದಾಕಿ. ನಿಮ್ಮ ಮನ್ಯಾಗ ಕೇಳಿದ್ದು ನಿಮ್ಮ ಮನ್ಯಾಗ ಇರ್ತೈತಿ.’ ಬೂದಿ ಹಚ್ಚಿ ಒಂದು ತಂಬಿಗೆಯನ್ನು ಬಹಳ ಹೊತ್ತು ತಿಕ್ಕಿದಳು. ‘ಆದ್ರ ಆ ಹುಡುಗಿ ಕೂಳ ಬಿಟ್ಟೈತಿ. ನಾ ಹಾಕಿದ್ದನ್ನ ನಾಯಿಗೆ ಹಾಕ್ತೈತಿ. ನಾಯಿ ದಪ್ಪಾಗಾಕ ಹತ್ತೈತಿ, ನೋಡೀರಿಲ್ಲೋ?’

ನೋಡಿರಲಿಲ್ಲ. ಸಂಜೆ ನೋಡಿದೆ. ನಾಯಿ ದಪ್ಪಗಾಗಿದೆ.

೨೮ ಜನವರಿ, ಮಂಗಳವಾರ

ನಾಡಿದ್ದು ವಿಚಾರಣೆ. ಮಹಾಬಳೇಶ್ವರ ಒಂದು ಕಾಗದ ಟೈಪು ಮಾಡಿಸಿ ಕಳಿಸಿದ್ದಾನೆ. ಯಾರನ್ನೂ ವಿಚಾರಿಸದೆ ನಾನೇ ಬರೆದೆ, ತಪ್ಪು ನನ್ನದು, ಸಂಸ್ಥೆಯದಲ್ಲ ಎಂದು ಅದರಲ್ಲಿದೆ. ಇದಕ್ಕೆ ಸಹಿ ಮಾಡಿದರೆ ಪೊಲೀಸ್ ಕೇಸು ಆಗದ ಹಾಗೆ ನೋಡಿಕೊಳ್ಳುತ್ತಾನಂತೆ. ದಾನೇಶ್ವರಿ ಸಹಿ ಮಾಡುತ್ತೇನೆ ಎಂದಿದ್ದಾಳೆ. ಅಧಿಕಾರಿಗಳ ಮುಂದೆಯೇ ಮಾಡುತ್ತಾಳಂತೆ.

ಉಳವಪ್ಪ ನೆಮ್ಮದಿಯಿಂದ ಉಂಡ. ಮುಗಿದು ಹೋಗಲಿ ಅವ್ವ, ಸಂಜೀವನ ಹೆಸರಿಗೆ ಏನೂ ಬರುವುದಿಲ್ಲ ಎಂದ.

ಬರುವುದಿಲ್ಲ. ಕಾಗದದಲ್ಲಿ ಎಲ್ಲೂ ಬರುವುದಿಲ್ಲ. ಅವನನ್ನು ಸುಳ್ಳುಗಾರನೆಂದು ತಿಳಿದವಳು ಒಬ್ಬಳೇ. ಅವಳು ಇನ್ನು ನಲವತ್ತು ವರ್ಷ ಹಾಗೇ ತಿಳಿದಿರುತ್ತಾಳೆ.

ನಾನು ಎಪ್ಪತ್ತಕ್ಕೆ ಹತ್ತಿರ ಬಂದೆ. ಈ ಊರಲ್ಲಿ ಯಾರೂ ನನ್ನನ್ನು ಹಾಗಲ್ಲ, ಹೀಗೆ ಎಂದು ತಿದ್ದಿಲ್ಲ.

ನಾಡಿದ್ದು ಉಟ್ಟುಕೊಳ್ಳಲು ಬಿಳಿ ಇಳಕಲ್ ಸೀರೆ ತೆಗೆದಿಡಲು ಹೇಳಿದೆ. ನೀನ್ಯಾಕೆ ಬರುತ್ತೀ ಎಂದು ಉಳವಪ್ಪ ಕೇಳಿದ. ಮಗ ಹಾರಿದ ಜಾಗ ನಾನು ಒಂದು ಸಲವೂ ನೋಡಿಲ್ಲ ಎಂದೆ. ಅದು ನಿಜ.

೩೦ ಜನವರಿ, ಗುರುವಾರ

ಬೆಳಿಗ್ಗೆ ಏಳಕ್ಕೆ ಕಾರಿನಲ್ಲಿ ಹೊರಟೆವು. ಉಳವಪ್ಪ ನಡೆಸುತ್ತಿದ್ದ. ನಾವಿಬ್ಬರೂ ಹಿಂದೆ.

ವಿಮಾನಪಟ್ಟಿ ಎಂದರೆ ಡಾಂಬರು ಹಾಕಿದ ಒಂದು ಉದ್ದನೆಯ ಸಾಲು. ಎರಡೂ ಕಡೆ ತೇಗ. ತುದಿಯಲ್ಲಿ ತಗಡಿನ ಕೊಠಡಿ. ಉಳಿದಿರುವ ಇನ್ನೊಂದು ವಿಮಾನ ಅಲ್ಲಿ ನಿಂತಿತ್ತು, ರೆಕ್ಕೆಗಳಿಗೆ ಹಗ್ಗ ಕಟ್ಟಿ ನೆಲದ ಗೂಟಕ್ಕೆ ಬಿಗಿದಿದ್ದರು, ದನ ಕಟ್ಟಿದ ಹಾಗೆ. ಬಹಳ ಸಣ್ಣದು. ಇಷ್ಟು ಸಣ್ಣದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಟ್ರ್ಯಾಕ್ಟರು ಇದಕ್ಕಿಂತ ಗಟ್ಟಿ.

ದಿಲ್ಲಿಯಿಂದ ಬಂದ ಒಬ್ಬ ಅಧಿಕಾರಿ, ಅವರಿಗೆ ಕನ್ನಡ ತಿಳಿಸಿ ಹೇಳಲು ಇನ್ನೊಬ್ಬರು. ಆ ಇನ್ನೊಬ್ಬರು ಮೈಸೂರು ಕಡೆಯವರ ಹಾಗೆ ಮಾತಾಡುತ್ತಿದ್ದರು. ಒಳ್ಳೆಯವರು. ನನಗೆ ಕುರ್ಚಿ ಕೊಡಿಸಿದರು. ಇಂಜಿನ್ ಯಾಕೆ ನಿಂತಿತು ಎಂಬುದು ಬೇರೆ ಕಡೆ ಪರೀಕ್ಷೆಯಾಗುತ್ತಿದೆಯಂತೆ. ಇವತ್ತಿನದು ದಾರಿಯ ವಿಚಾರ ಮಾತ್ರ. ಮಹಾಬಳೇಶ್ವರ ಕಾಗದವನ್ನು ದಾನೇಶ್ವರಿಯ ಮುಂದೆ ಇಟ್ಟ. ಅವಳು ಓದಲೂ ಇಲ್ಲ. ಪೆನ್ನು ಕೇಳಿದಳು.

ಪೆನ್ನು ಅವಳ ಕೈಗೆ ಬರುವುದನ್ನು ನೋಡಿದೆ. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ನಾನು ಎದ್ದು ನಿಂತದ್ದು ಮಂಡಿ ನೋಯುತ್ತಿದ್ದುದಕ್ಕೆ ಎಂದು ಮೊದಲು ತಿಳಿದೆ.

‘ಆಕಿ ಬರದದ್ದು ಖರೇ ಐತಿ’ ಎಂದೆ. ‘ನನ್ನ ಮಗ ಹಬ್ಬದಾಗ ಕೇಳಿದ್ದ. ಕಡ್ಲಿ ಬಿತ್ತೇನಿ ಅಂತ ನಾನ ಹೇಳಿದ್ದೆ. ಹೊಲದಾಗ ಕಬ್ಬಿತ್ತು.’

ಉಳವಪ್ಪ ಅವ್ವ ಎಂದ. ಮಹಾಬಳೇಶ್ವರ, ವಯಸ್ಸಾದವರು, ದುಃಖದಲ್ಲಿದ್ದಾರೆ ಎಂದು, ಇಂಗ್ಲಿಷಿನಲ್ಲಿ ಏನೋ ಸೇರಿಸಿ ಹೇಳಿದ. ನನಗೆ ನೆನಪು ಚೆನ್ನಾಗಿದೆ ಎಂದೆ. ತಿಥಿ, ವಾರ, ಹೊತ್ತು ಹೇಳಿದೆ. ಕಬ್ಬು ಯಾವ ತಿಂಗಳು ನೆಡಿಸಿದೆ, ಕಲ್ಲು ಯಾರ ಕೈಯಲ್ಲಿ ಕೀಳಿಸಿದೆ, ಅದನ್ನೂ ಹೇಳಿದೆ. ಕನ್ನಡದವರು ಬರೆದುಕೊಂಡರು. ಆಮೇಲೆ ಪೆನ್ನು ನಿಲ್ಲಿಸಿ ಕೇಳಿದರು.

‘ಯಾಕೆ ಹಾಗೆ ಹೇಳಿದಿರಿ, ಅಮ್ಮ?’

ಕಿಟಕಿಯಲ್ಲಿ ಆ ಸಣ್ಣ ವಿಮಾನ ಕಾಣುತ್ತಿತ್ತು.

‘ನನ್ನ ಹೊಲದಾಗ ಏನೈತಿ ಅಂತ ಯಾರಿಗೂ ಹೇಳಿ ರೂಢಿ ಇರಲಿಲ್ಲ’ ಎಂದೆ.

ಬರೆದದ್ದನ್ನು ಓದಿ ಹೇಳಿದರು. ಸಹಿ ಮಾಡಿದೆ. ದಾನೇಶ್ವರಿಯ ಮುಂದಿದ್ದ ಕಾಗದವನ್ನು ಮಹಾಬಳೇಶ್ವರ ತಾನೇ ತೆಗೆದು ಚೀಲಕ್ಕೆ ಹಾಕಿಕೊಂಡ. ಅವಳು ಇನ್ನೂ ಪೆನ್ನು ಹಿಡಿದೇ ಕುಳಿತಿದ್ದಳು.

ತಿರುಗಿ ಬರುವಾಗ ಉಳವಪ್ಪ ಕಾರು ಬಹಳ ಜೋರಾಗಿ ನಡೆಸಿದ. ಊರು ದಾಟಿ ಕಾಡು ಶುರುವಾದ ಮೇಲೆ ದಾನೇಶ್ವರಿ ಮಾತಾಡಿದಳು.

‘ಅವರು ಕೇಳಿದ್ರು, ಹಂಗಾದ್ರ.’

‘ಕೇಳಿದ.’

‘ಹೆಂಗ ಕೇಳಿದ್ರು?’

ನನಗೆ ತಿಳಿಯಲಿಲ್ಲ. ಹೇಗೆ ಎಂದರೆ ಹೇಗೆ ಎಂದೆ.

‘ಎಲ್ಲಿ ನಿಂತಿದ್ರು? ಏನ್ ಅಂದ್ರು? ಎಲ್ಲಾ ಹೇಳ್ರಿ.’

ಹೇಳಿದೆ. ನಾನು ಹೋಳಿಗೆ ಬೇಯಿಸುತ್ತಿದ್ದೆ. ಅವನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಹಂಚಿನ ಮೇಲಿನ ಹೋಳಿಗೆಗೆ ಕೈ ಹಾಕಿ ಬೆರಳು ಸುಟ್ಟುಕೊಂಡ. ಬೆರಳು ಬಾಯಲ್ಲಿ ಇಟ್ಟುಕೊಂಡೇ ಕೇಳಿದ, ಕಾಡಿನ ಹೊಲಕ್ಕೆ ಏನು ಹಾಕಿದ್ದೀ ಎಂದು. ಕಡಲೆ ಎಂದೆ. ಒಂದು ಸಲ ಹೋಗಿ ನೋಡಿ ಬರುತ್ತೇನೆ, ದಾನಿ ಕೇಳುತ್ತಾಳೆ ಎಂದು ಗಾಡಿಯ ಕೀಲಿ ತೆಗೆದುಕೊಂಡ. ನನ್ನ ಮಾತು ಸಾಲುವುದಿಲ್ಲವೇನು ಎಂದೆ. ಅವನು ನಕ್ಕ. ಕೀಲಿಯನ್ನು ತಿರುಗಿ ಗೂಟಕ್ಕೆ ಹಾಕಿದ. ‘ನೀ ಹೇಳಿದ ಮ್ಯಾಲ ಮುಗೀತಲ್ಲವ್ವ’ ಎಂದ. ಕುಳಿತು ಮೂರು ಹೋಳಿಗೆ ತಿಂದ.

‘ಮೂರೋ, ನಾಕೋ?’ ದಾನೇಶ್ವರಿ ಕೇಳಿದಳು.

‘ಮೂರು. ನಾಕನೇದು ನಿನಗಂತ ಕಟ್ಟಿಸಿಕೊಂಡ.’

‘ತಂದು ಕೊಟ್ರು’ ಎಂದಳು. ‘ಇನ್ನೊಮ್ಮೆ ಹೇಳ್ರಿ.’

ಇನ್ನೊಮ್ಮೆ ಹೇಳಿದೆ. ಸುಟ್ಟದ್ದು ಯಾವ ಬೆರಳು ಎಂದು ಕೇಳಿದಳು. ತೋರುಬೆರಳು ಎಂದೆ. ಹಳಿಯಾಳ ಬರುವಷ್ಟರಲ್ಲಿ ಮೂರು ಸಲ ಹೇಳಿಸಿದಳು. ಮೂರನೇ ಸಲ ಕೀಲಿ ಗೂಟಕ್ಕೆ ಹಾಕಿದ ಎನ್ನುವಲ್ಲಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ದಿನ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಉಳವಪ್ಪ ಕಾರು ಬದಿಗೆ ನಿಲ್ಲಿಸಿದ. ಇಳಿದು ಒಂದಷ್ಟು ದೂರ ಹೋಗಿ ರಸ್ತೆಗೆ ಬೆನ್ನು ಮಾಡಿ ನಿಂತ.

ನಾನು ದಾನವ್ವನ ಪಕ್ಕದಲ್ಲಿ ಕುಳಿತೇ ಇದ್ದೆ. ಮುಟ್ಟಲಿಲ್ಲ. ಮುಟ್ಟಿದ್ದರೆ ಅವಳು ಕೈ ತೆಗೆಯುತ್ತಿದ್ದಳು.

೩ ಫೆಬ್ರವರಿ, ಸೋಮವಾರ

ದಾನವ್ವ ಇವತ್ತು ಹೋದಳು. ಸದ್ಯ ಮುಂಡಗೋಡದ ಆಚೆಯ ತವರಿಗೆ, ಆಮೇಲೆ ಹುಬ್ಬಳ್ಳಿಯಲ್ಲಿ ಯಾರೋ ಇದೇ ಕೆಲಸಕ್ಕೆ ಕರೆದಿದ್ದಾರಂತೆ. ನಕ್ಷೆಗಳ ಸುರುಳಿಯನ್ನು ದುರ್ಗವ್ವನಿಗೂ ಕೊಡದೆ ತಾನೇ ಹೊತ್ತುಕೊಂಡಳು. ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕಾಲಿಗೆ ಬೀಳಲಿಲ್ಲ.

‘ಹೋಗ್ತೇನ್ರಿ’ ಎಂದಳು.

ನಮ್ಮಲ್ಲಿ ಯಾರೂ ಹಾಗೆ ಹೇಳಿ ಹೊಸ್ತಿಲು ದಾಟುವುದಿಲ್ಲ. ಬರ್ತೇನಿ ಅನ್ನಬೇಕು. ಅವಳಿಗೆ ಗೊತ್ತಿಲ್ಲದ್ದಲ್ಲ.

ಮುಂಡಗೋಡದ ದಾರಿ ಕೆಟ್ಟಿದೆ, ನಿಧಾನ ಹೋಗಲು ಉಳವಪ್ಪನಿಗೆ ಹೇಳು ಎಂದೆ. ತಲೆಯಾಡಿಸಿದಳು. ಕಾರು ಕೆರೆ ಏರಿ ದಾಟುವವರೆಗೆ ಕಟ್ಟೆಯ ಮೇಲೆ ನಿಂತಿದ್ದೆ.

ಒಳಗೆ ಬಂದರೆ ಒಲೆ ಹೊತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಏನು ಅಡುಗೆ ಎಂದು ನನ್ನನ್ನು ಕೇಳದೆ ಈ ಮನೆಯಲ್ಲಿ ಅಕ್ಕಿ ಅಳೆದದ್ದಿಲ್ಲ. ಇವತ್ತು ದುರ್ಗವ್ವ ನಿರ್ಮಲಾಳನ್ನು ಕೇಳಿ ಅಳೆದಿದ್ದಳು. ನಿರ್ಮಲಾ ನನಗೆ ಬಡಿಸಿ ಒಳಗೆ ಹೋದಳು.

ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಇನ್ನೊಂದು ಸೌಟು ಸಾರು ಹಾಕಿಕೊಂಡು ಉಂಡೆ.